ಬೀಜದ ಆಯ್ಕೆ: ಸಂತತಿಗೆ ಇಳಿಯುವ ಗುಣವೂ ಇಳಿಯದ ಗುಣವೂ

“ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬ ಗಾದೆಯನ್ನು ನಮ್ಮ ರೈತರು ಬೀಜಕ್ಕೂ ದನಕರುಗಳಿಗೂ ಅನ್ವಯಿಸಿಕೊಂಡು ಬಂದಿರುತ್ತಾರೆ. ಒಕ್ಕಣೆಗೆ ಮುಂಚೆಯೇ ದಪ್ಪನಾದ ತೆನೆಗಳನ್ನು ಆರಿಸಿ ಬೇರೆ ಇಡುವುದು, ಹೆಚ್ಚು ಹಾಲು ಕರೆಯುವ ಹಸುವಿನ ಗಂಡುಗರುವನ್ನು ಹೋರಿಯಾಗಿ ಉಳಿಸಿಕೊಳ್ಳುವುದು, ಮಂದೆಯಲ್ಲಿ ಮೈತುಂಬಿದ ಟಗರನ್ನು ಮಾರದೆ ಇಟ್ಟುಕೊಳ್ಳುವುದು, ಇವೆಲ್ಲವೂ ಈ ಗಾದೆಯಲ್ಲಿಟ್ಟ ನಂಬಿಕೆಯಿಂದ ನಡೆಯುವ ಕೆಲಸಗಳು. ಈ ನಂಬಿಕೆಯು ಬಹುಮಟ್ಟಿಗೆ ಸರಿಯಾದುದೇ. ಆದರೆ ಅದು ತಪ್ಪುವ ಸಂದರ್ಭಗಳೂ ಉಂಟು. ಹಾಗೆ ತಪ್ಪಿದಾಗ ರೈತನಿಗೆ ಒಂದು ವರ್ಷದ ದುಡಿಮೆಯೇ ನಷ್ಟವಾಗುವುದರಿಂದ, ಯಾವಾಗ ತಪ್ಪುತ್ತದೆ, ಏತಕ್ಕೆ ತಪ್ಪುತ್ತದೆ ಎಂಬುದನ್ನು ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ಅರಿತಿರುವುದು ಅವಶ್ಯಕ.

ಒಂದು ಉದಾಹರಣೆಯನ್ನು ನೋಡೋಣ. ರೈತನೊಬ್ಬನು ಮುಸುಕಿನ ಜೋಳದ ಹೈಬ್ರಿಡ್ ಬೀಜವನ್ನು ಕೊಂಡು ಬಿತ್ತಿ, ಒಂದೇ ಎತ್ತರದ, ಒಂದೇ ಗಾತ್ರದ ಉತ್ತಮ ಬೆಳೆಯನ್ನು ಪಡೆಯುತ್ತಾನೆ. ಮುಂದಿನ ವರ್ಷ ಬೀಜಕ್ಕೆ ಹಣವನ್ನೇಕೆ ಕೊಡಬೇಕೆಂದು, ಅದೇ ಬೆಳೆಯ ಅತ್ಯುತ್ತಮವಾದ ತೆನೆಗಳನ್ನು ಆರಿಸಿ, ಒಲೆಯ ಮೇಲಿನ ಹೊಗೆಗೆ ತೂಗುಹಾಕಿ, ಮಳೆ ಬಂದೊಡನೆ ಬಿತ್ತುತ್ತಾನೆ. ಆರೈಕೆ, ಗೊಬ್ಬರ, ಮಳೆ ಎಲ್ಲವೂ ಹಿಂದಿನಂತೆಯೇ ಇರುತ್ತವೆ. ಆದರೂ ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದು ತೆನೆ ದಪ್ಪ, ಒಂದು ಬರಡು. ಇಳುವರಿಯಂತೂ ಸ್ಪಷ್ಟವಾಗಿ ಕುಗ್ಗುತ್ತದೆ. ಅವನು ಆಯ್ಕೆಯಲ್ಲಿ ಎಚ್ಚರ ತಪ್ಪಲಿಲ್ಲ, ಭೂಮಿಯೂ ಮೋಸಮಾಡಲಿಲ್ಲ. ತೆನೆಯಲ್ಲಿ ಅವನು ಕಂಡ ಗುಣವು ಸಂತತಿಗೆ ಇಳಿಯತಕ್ಕ ಬಗೆಯದಾಗಿರಲಿಲ್ಲ. ಅಷ್ಟೇ ಇದರ ಮರ್ಮ.

ಗುಣಗಳ ಎರಡು ಬಗೆ

ಗಿಡವಾಗಲಿ ಪ್ರಾಣಿಯಾಗಲಿ ತನ್ನ ಗುಣಗಳನ್ನು ವಂಶವಾಹಿಗಳೆಂಬ ಅತಿಸೂಕ್ಷ್ಮ ಘಟಕಗಳ ಮೂಲಕ ಪಡೆಯುತ್ತದೆ. ಇವನ್ನು ಜೀನುಗಳೆಂದೂ ಕರೆಯುವರು. ಇವು ಜೊತೆಜೊತೆಯಾಗಿರುತ್ತವೆ, ಜೊತೆಯಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದುದು. ಸಂತತಿಯನ್ನು ಪಡೆಯುವಾಗ ಈ ಜೊತೆಯು ಒಡೆದು, ಮರಿಗೆ ಅದರಲ್ಲಿ ಒಂದು ಮಾತ್ರ ಹೋಗುತ್ತದೆ. ತಂದೆತಾಯಿಗಳು ಮಕ್ಕಳಿಗೆ ಕೊಡುವುದು ಬಿಡಿ ಬಿಡಿ ವಂಶವಾಹಿಗಳನ್ನೇ ಹೊರತು ತಮ್ಮಲ್ಲಿದ್ದ ಜೊತೆಯನ್ನಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ.

ಲೆಕ್ಕಕ್ಕಾಗಿ ‘ಅ’ ಮತ್ತು ‘ಇ’ ಎಂಬ ಎರಡು ರೂಪಗಳಿರುವ ಒಂದು ವಂಶವಾಹಿಯನ್ನು ಇಟ್ಟುಕೊಳ್ಳೋಣ. ಹೊಲದಲ್ಲಿ ಕಾಲು ಭಾಗ ಅಅ, ಅರ್ಧ ಭಾಗ ಅಇ, ಕಾಲು ಭಾಗ ಇಇ ಗಿಡಗಳಿರಲಿ.

ಮೊದಲನೆಯ ಬಗೆಯಲ್ಲಿ ಒಂದೊಂದು ‘ಅ’ ಸೇರಿದಂತೆಲ್ಲ ಇಳುವರಿಯು ಸಮನಾಗಿ ಏರುತ್ತದೆ: ಇಇ ಗಿಡಗಳಿಗೆ 8 ಮೂಟೆ, ಅಇ ಗಿಡಗಳಿಗೆ 10, ಅಅ ಗಿಡಗಳಿಗೆ 12. ಹೊಲದ ಸರಾಸರಿ 10. ಇಲ್ಲಿ ಅತ್ಯುತ್ತಮವಾದವನ್ನು ಆರಿಸಿ ಅವುಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿ ಬೀಜ ತೆಗೆದರೆ ಮುಂದಿನ ಬೆಳೆಯೆಲ್ಲವೂ 12. ಹೀಗೆ ಕೂಡುತ್ತ ಹೋಗುವ ಪರಿಣಾಮವನ್ನು ಸಂಕಲನ ಪರಿಣಾಮವೆನ್ನುವರು. ಗಾದೆಯ ಮಾತು ಸಲ್ಲುವುದು ಇಲ್ಲಿಯೇ.

ಎರಡನೆಯ ಬಗೆಯಲ್ಲಿ ‘ಅ’ ಒಂದಿದ್ದರೂ ಎರಡಿದ್ದರೂ ಫಲ ಒಂದೇ: ಅಅ 12, ಅಇ 12, ಇಇ 8. ಇದನ್ನು ಪ್ರಾಬಲ್ಯವೆನ್ನುವರು. ಇಲ್ಲಿ 12ರ ಗಿಡಗಳನ್ನು ಮಾತ್ರ ಆರಿಸಿಕೊಂಡರೂ, ಅವುಗಳಲ್ಲಿ ಮೂರಕ್ಕೆ ಎರಡು ಪಾಲು ‘ಇ’ಯನ್ನು ಒಳಗೆ ಬಚ್ಚಿಟ್ಟುಕೊಂಡಿರುತ್ತವೆ. ಆದಕಾರಣ ನಾಲ್ಕರಲ್ಲಿ ಒಂದಿದ್ದ ದುರ್ಬಲ ಗಿಡವು ಮುಂದಿನ ತಲೆಮಾರಿನಲ್ಲಿ ಒಂಬತ್ತರಲ್ಲಿ ಒಂದಾಗಿ, ಆಮೇಲೆ ಹದಿನಾರರಲ್ಲಿ ಒಂದಾಗಿ, ಅನಂತರ ಇಪ್ಪತ್ತೈದರಲ್ಲಿ ಒಂದಾಗಿ, ನಿಧಾನವಾಗಿ ಇಳಿಯುತ್ತದೆಯೇ ಹೊರತು ಅಳಿಯುವುದಿಲ್ಲ.

ಮೂರನೆಯ ಬಗೆಯಲ್ಲಿ ಬೇರೆ ಬೇರೆ ರೂಪಗಳು ಕೂಡಿದಾಗಲೇ ಬಲ: ಅಇ 12, ಅಅ 8, ಇಇ 8. ಸರಾಸರಿ 10. ರೈತನು 12ರ ಗಿಡಗಳನ್ನೇ ಆರಿಸಿದನೆಂದರೆ ಆರಿಸಿದುದೆಲ್ಲವೂ ಅಇ. ಆದರೆ ಅವುಗಳ ಜೊತೆಗಳು ಒಡೆದು ಮತ್ತೆ ಕೂಡಿದಾಗ ಕಾಲು, ಅರ್ಧ, ಕಾಲು ಎಂದೇ ಹಂಚಿಹೋಗಿ, ಸರಾಸರಿಯು ಮತ್ತೆ 10ಕ್ಕೆ ಬಂದು ನಿಲ್ಲುತ್ತದೆ. ಹತ್ತು ವರ್ಷ ಆರಿಸಿದರೂ ಇಷ್ಟೇ. ಹೊಲದಲ್ಲಿ ಕಣ್ಣಿಗೆ ಕಾಣುವ ಭೇದವು ಬೇಕಾದಷ್ಟಿದೆ. ಆದರೆ ಆಯ್ಕೆಗೆ ವಶವಾಗುವ ಭೇದವು ಎಳ್ಳಷ್ಟೂ ಇಲ್ಲ. ಒಂದೇ ಜೊತೆಯ ವಂಶವಾಹಿಯಲ್ಲಿ ಇಂತಹ ವರ್ತನೆಯು ವಿರಳವಾಗಿದ್ದರೂ, ಅನೇಕ ಜೊತೆಗಳು ಸೇರಿ ತಂದೆಯ ಕಡೆಯ ಕೊರತೆಯನ್ನು ತಾಯಿಯ ಕಡೆಯದೂ, ತಾಯಿಯ ಕಡೆಯ ಕೊರತೆಯನ್ನು ತಂದೆಯ ಕಡೆಯದೂ ಮುಚ್ಚಿದಾಗ ಇಡೀ ಗಿಡವು ಇದೇ ರೀತಿ ನಡೆದುಕೊಳ್ಳುವುದು. ಮುಸುಕಿನ ಜೋಳದ ಹೈಬ್ರಿಡ್ಡಿನ ಹುರುಪು ಹೆಚ್ಚಾಗಿ ಇಂತಹದು.

ಕೊನೆಯ ಎರಡು ಬಗೆಗಳನ್ನು, ಮುಂದೆ ಹೇಳುವ ಕೂಟದ ಗುಣವನ್ನೂ ಸೇರಿಸಿ, ಸಂಕಲನವಲ್ಲದ ಪರಿಣಾಮಗಳೆಂದು ಕರೆಯಬಹುದು.

ಮುಸುಕಿನ ಜೋಳದ ಎರಡು ಪಾಠಗಳು

ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1896ರಲ್ಲಿ 163 ತೆನೆಗಳಿಂದ ಒಂದು ಪರೀಕ್ಷೆಯು ಪ್ರಾರಂಭವಾಯಿತು. ಕಾಳಿನಲ್ಲಿ ಎಣ್ಣೆ ಹೆಚ್ಚಾಗಿರುವ ತೆನೆಗಳನ್ನೇ ವರ್ಷವರ್ಷವೂ ಆರಿಸಿ ಬಿತ್ತುತ್ತ ಬಂದುದರಲ್ಲಿ, ಮೊದಲು ಶೇಕಡ 5ಕ್ಕೂ ಕಡಮೆಯಾಗಿದ್ದ ಎಣ್ಣೆಯು ಸುಮಾರು ನೂರು ತಲೆಮಾರುಗಳಲ್ಲಿ ಶೇಕಡ 20ರ ಮಟ್ಟವನ್ನು ಮುಟ್ಟಿತು. ಎಣ್ಣೆಯ ಅಂಶವನ್ನು ನಿರ್ಣಯಿಸುವ ವಂಶವಾಹಿಗಳು ಬಹುಸಂಖ್ಯೆಯಲ್ಲಿದ್ದು, ಬಹುತೇಕ ಮೊದಲನೆಯ ಬಗೆಯಲ್ಲಿ, ಅಂದರೆ ಕೂಡುತ್ತ ಹೋಗುವ ರೀತಿಯಲ್ಲಿ ಕೆಲಸ ಮಾಡುವುದೇ ಇದಕ್ಕೆ ಕಾರಣ.

ಆದರೆ ಅದೇ ಬೆಳೆಯಲ್ಲಿ ಇಳುವರಿಯನ್ನು ಹೆಚ್ಚಿಸಬೇಕೆಂದು ಆ ಕಾಲದವರು ಚಂದದ ತೆನೆಗಳನ್ನು ಆರಿಸಿ ಆರಿಸಿ ಬಿತ್ತಿದಾಗ ಅಂತಹ ಏಳಿಗೆಯು ಕಾಣಲಿಲ್ಲ. 1908ರಲ್ಲಿ ಜಾರ್ಜ್ ಷಲ್ ಎಂಬ ವಿದ್ವಾಂಸರು ಇದರ ಗುಟ್ಟನ್ನು ತೋರಿಸಿಕೊಟ್ಟರು. ಜೋಳದ ಗಿಡವನ್ನು ಅದರದೇ ಪರಾಗದಿಂದ ತಲೆಮಾರು ತಲೆಮಾರು ಫಲಿಸಿದಾಗ ಸಂತತಿಯು ಬಡವಾಗುತ್ತ ಬಂದಿತು. ಆದರೆ ಹಾಗೆ ಬಡವಾದ ಎರಡು ಬೇರೆ ಬೇರೆ ಶುದ್ಧ ಸಾಲುಗಳನ್ನು ಒಂದಕ್ಕೊಂದು ಕೂಡಿಸಿದಾಗ ಹುಟ್ಟಿದ ಗಿಡಗಳು ಬಲಿಷ್ಠವಾಗಿ, ಕೆಲವು ಕೂಟಗಳಲ್ಲಿ ಮೂಲ ತಳಿಯನ್ನೂ ಮೀರಿಸಿದವು. ಶುದ್ಧ ಸಾಲಿನ ಬಡಗಿಡದಿಂದ ಬೀಜವು ಅಲ್ಪವಾಗಿ ದೊರೆಯುತ್ತಿದ್ದುದರಿಂದ ಬೀಜವು ದುಬಾರಿಯಾಯಿತು. ಕೆಲವು ವರ್ಷಗಳ ಅನಂತರ ಡೊನಾಲ್ಡ್ ಜೋನ್ಸ್ ಎಂಬವರು ಎರಡು ಹೈಬ್ರಿಡ್ಡುಗಳನ್ನು ಮತ್ತೆ ಕೂಡಿಸುವ ಇಮ್ಮಡಿ ಕೂಟದ ಕ್ರಮವನ್ನು ತೋರಿಸಿದ ಮೇಲೆ ಈ ಬೀಜವು ಸಾಮಾನ್ಯ ರೈತನ ಕೈಗೆ ಎಟುಕಿತು.

ಇದರಿಂದ ತಿಳಿಯತಕ್ಕದ್ದೇನೆಂದರೆ, ಒಂದೇ ಗಿಡದ ಎರಡು ಗುಣಗಳಲ್ಲಿ ಒಂದು ಆಯ್ಕೆಗೆ ಒಲಿಯಬಹುದು, ಇನ್ನೊಂದು ಕೂಟಕ್ಕೆ ಮಾತ್ರ ಒಲಿಯಬಹುದು. 1942ರಲ್ಲಿ ಸ್ಪ್ರೇಗ್ ಮತ್ತು ಟೇಟಮ್ ಎಂಬವರು ಈ ಭೇದವನ್ನು ಅಳೆಯುವ ಕ್ರಮವನ್ನು ಹೇಳಿದರು. ಯಾವುದರೊಡನೆ ಕೂಡಿಸಿದರೂ ಒಳ್ಳೆಯ ಸಂತತಿಯನ್ನು ಕೊಡುವುದು ಸಾಮಾನ್ಯ ಕೂಡುಶಕ್ತಿ. ಗೊತ್ತಾದ ಒಂದು ಜೊತೆಗಾರನೊಡನೆ ಮಾತ್ರ ಮೇಲಾಗಿ ಕೊಡುವುದು ವಿಶೇಷ ಕೂಡುಶಕ್ತಿ. ಮೊದಲನೆಯದು ಹೆಚ್ಚಾಗಿ ಸಂಕಲನದ ಫಲ. ಎರಡನೆಯದು ಸಂಕಲನವಲ್ಲದ್ದರ ಫಲ. ಗಿಡದ ಅಂದವನ್ನು ನೋಡಿ ಎರಡನೆಯದನ್ನು ಊಹಿಸಲಾಗದು. ಕೂಡಿಸಿ, ಬೆಳೆದು, ತೂಗಿಯೇ ತಿಳಿಯಬೇಕು.

ನಮ್ಮ ರೇಷ್ಮೆಯ ನಿದರ್ಶನ

ಈ ತತ್ತ್ವವು ನಮ್ಮ ನಾಡಿನಲ್ಲಿ ದಿನನಿತ್ಯ ನಡೆಯುತ್ತಿರುವುದನ್ನು ನೋಡಬೇಕಾದರೆ ರೇಷ್ಮೆಯ ಕಸಬಿನತ್ತ ತಿರುಗಬೇಕು. ಜಪಾನಿನ ತೋಯಾಮ ಕಮೆತಾರೊ ಎಂಬ ವಿದ್ವಾಂಸರು 1906ರಲ್ಲಿ, ರೈತರು ಸಾಕುವ ಹುಳುವು ಎರಡು ಶುದ್ಧ ತಳಿಗಳ ಮೊದಲ ಕೂಟದ್ದಾಗಿರಬೇಕೆಂದು ಪ್ರತಿಪಾದಿಸಿದರು. 1914ರಿಂದ ಅಲ್ಲಿ ಅಂತಹ ಮೊಟ್ಟೆಗಳ ಹಂಚಿಕೆಯು ಪ್ರಾರಂಭವಾಯಿತು. ಮೈಸೂರು ಸೀಮೆಯಲ್ಲಿಯೂ ಆ ಮಾರ್ಗವೇ ಬೇರೂರಿತು.

ನಮ್ಮ ಶುದ್ಧ ಮೈಸೂರು ತಳಿಯು ಹಸುರು ಮಿಶ್ರಿತ ಹಳದಿ ಬಣ್ಣದ ಸಣ್ಣ ಗೂಡನ್ನು ಕಟ್ಟುವುದು. ಎಳೆ ಗಿಡ್ಡ, ರೇಷ್ಮೆ ಕಡಮೆ. ಆದರೆ ಸೆಕೆಯನ್ನೂ ಕಷ್ಟವನ್ನೂ ತಡೆದುಕೊಂಡು ವರ್ಷಕ್ಕೆ ಹಲವು ಬೆಳೆಗಳನ್ನು ಕೊಡಬಲ್ಲುದು. ದ್ವಿತಳಿಯು ಬಿಳಿಯ ದಪ್ಪ ಗೂಡನ್ನು ಕಟ್ಟಿ ಉದ್ದವಾದ ಎಳೆಯನ್ನು ಕೊಡುವುದು, ಆದರೆ ಸುಕುಮಾರಿ. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ದ್ವಿತಳಿಯ ಗಂಡು ಚಿಟ್ಟೆಯನ್ನು ಕೂಡಿಸಿದಾಗ ಹುಟ್ಟುವ ಮಿಶ್ರತಳಿಯ ಹುಳುವು ಬಲಿಷ್ಠವಾಗಿದ್ದು, ಮೈಸೂರು ತಳಿಗಿಂತ ಹೆಚ್ಚಿನ ಗೂಡನ್ನು ಕೊಡುವುದು. ತಾಯಿಯು ಮೈಸೂರು ತಳಿಯದಾಗಿರುವುದರಿಂದ ಮೊಟ್ಟೆಗಳು ದೀರ್ಘನಿದ್ರೆಗೆ ಹೋಗದೆ ಹತ್ತು ಹನ್ನೆರಡು ದಿನಗಳಲ್ಲಿ ಒಡೆಯುವುದೂ ಒಂದು ಅನುಕೂಲ. 1990ರ ದಶಕದಲ್ಲಿ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದ ಸಿ.ಎಸ್.ಆರ್.2, ಸಿ.ಎಸ್.ಆರ್.4 ಎಂಬ ದ್ವಿತಳಿಗಳೂ ಒಂದಕ್ಕೊಂದು ಕೂಡಿ ರೈತನಿಗೆ ತಲಪಿದವು.

ಮಿಶ್ರತಳಿಯ ಗೂಡು ಎಷ್ಟೇ ಉತ್ತಮವಾಗಿದ್ದರೂ ಅದರ ಚಿಟ್ಟೆಯಿಂದ ಮೊಟ್ಟೆ ತೆಗೆದು ಸಾಕತಕ್ಕದ್ದಲ್ಲ. ಹಾಗೆ ಮಾಡಿದರೆ ಹುರುಪಿನ ಬಹುಭಾಗವು ಮುಂದಿನ ತಲೆಮಾರಿನಲ್ಲಿಯೇ ಕರಗಿ, ಗೂಡುಗಳು ನಾನಾ ಗಾತ್ರ, ನಾನಾ ಆಕಾರಗಳಾಗಿ, ನೂಲು ಬಿಚ್ಚುವವರಿಗೂ ಬೇಡವಾಗುತ್ತವೆ.

ಇನ್ನೊಂದು ಮುಖ್ಯ ಸಂಗತಿಯುಂಟು. ಮಿಶ್ರತಳಿಯ ಸಮೃದ್ಧಿಗೆ ಶುದ್ಧ ತಳಿಯೇ ತಾಯಿಬೇರು. ಮಾಗಡಿ, ಕುಣಿಗಲ್ ಮೊದಲಾದ ಬಿತ್ತನೆ ಪ್ರದೇಶಗಳ ರೈತರು ಕಡಮೆ ತೂಗುವ ಮೈಸೂರು ಗೂಡನ್ನು ಬೆಳೆಯುತ್ತ ಬಂದುದರಿಂದಲೇ ಇತರರಿಗೆ ಹೆಚ್ಚು ತೂಗುವ ಗೂಡು ದೊರೆಯಿತು. ಆ ರೈತನು ತನ್ನ ಬೆಳೆ ಬಡವೆಂದು ಬೇಸತ್ತು ಶುದ್ಧ ತಳಿಯನ್ನು ಕೈಬಿಟ್ಟರೆ, ಅಥವಾ ತೂಕದ ಆಸೆಯಿಂದ ಅದರಲ್ಲಿ ಬೇರೆಯದನ್ನು ಬೆರಸಿದರೆ, ನಷ್ಟವು ಅವನೊಬ್ಬನದಲ್ಲ. ಮಿಶ್ರತಳಿಯನ್ನು ಸಾಕುವ ಎಲ್ಲ ಗ್ರಾಮಗಳದು. ಆದಕಾರಣ ಬಿತ್ತನೆಗೂಡಿಗೆ ನ್ಯಾಯವಾದ ಬೆಲೆಯು ಸಲ್ಲಬೇಕೆಂಬುದು ಉಪಕಾರದ ಮಾತಲ್ಲ, ಲೆಕ್ಕದ ಮಾತು.

ಕೂಟದ ಗುಣ

ಒಂದು ಜೊತೆಯ ವಂಶವಾಹಿಗಳು ಮಾತ್ರವಲ್ಲದೆ, ಬೇರೆ ಬೇರೆ ಜೊತೆಗಳೂ ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬೇಟ್ಸನ್ ಮತ್ತು ಪನ್ನೆಟ್ ಎಂಬವರು ಕೋಳಿಗಳಲ್ಲಿ ಇದನ್ನು ಕಂಡರು. ಗುಲಾಬಿ ಜುಟ್ಟಿನ ಕೋಳಿಗೂ ಬಟಾಣಿ ಜುಟ್ಟಿನ ಕೋಳಿಗೂ ಹುಟ್ಟಿದ ಮರಿಗಳೆಲ್ಲವೂ ಇಬ್ಬರಲ್ಲಿಯೂ ಇಲ್ಲದ ಅಕ್ರೋಟು ಜುಟ್ಟನ್ನು ತಳೆದವು. ಆ ಮರಿಗಳನ್ನು ತಮ್ಮತಮ್ಮಲ್ಲಿ ಕೂಡಿಸಿದಾಗ ಹದಿನಾರಕ್ಕೆ ಒಂಬತ್ತು ಅಕ್ರೋಟು, ಮೂರು ಗುಲಾಬಿ, ಮೂರು ಬಟಾಣಿ, ಮತ್ತು ಅಜ್ಜಅಜ್ಜಿಯರಲ್ಲಿ ಯಾರಿಗೂ ಇರದಿದ್ದ ಒಂಟಿ ಜುಟ್ಟು ಒಂದು, ಈ ಪ್ರಮಾಣದಲ್ಲಿ ಮರಿಗಳಾದವು. ಒಂದು ವಂಶವಾಹಿಯ ಬೆಲೆಯು ಅದರ ನೆರೆಯವರನ್ನು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯವಿಲ್ಲ.

ಇಂತಹ ಕೂಟದ ಗುಣವು ಎಲ್ಲ ಬೆಳೆಗಳಲ್ಲಿಯೂ ಚೆದುರಿಹೋಗುವುದೆಂದು ತಿಳಿಯಬಾರದು. ರಾಗಿ, ಭತ್ತಗಳು ಬಹುತೇಕ ತಮ್ಮ ಪರಾಗದಿಂದಲೇ ಕಾಳು ಕಟ್ಟುವ ಬೆಳೆಗಳು. ಇವುಗಳಲ್ಲಿ ಎರಡು ತಳಿಗಳನ್ನು ಕೂಡಿಸಿ, ಹಲವು ತಲೆಮಾರು ಆರಿಸುತ್ತ ಬಂದರೆ ಜೊತೆಯ ಎರಡು ರೂಪಗಳೂ ಒಂದೇ ಆಗಿ, ಒಳ್ಳೆಯ ಕೂಟವು ಸ್ಥಿರವಾಗಿ ನಿಲ್ಲುವುದು. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಕೂಟ ಮಾಡಿ ತೆಗೆದ ಇಂಡಾಫ್ ತಳಿಗಳು ಈ ಜಾತಿಯವು. ಎರಡು ದೇಶಗಳ ಹೆಸರುಗಳೂ ಆ ಹೆಸರಿನಲ್ಲಿಯೇ ಅಡಗಿವೆ. ಇಂತಹ ಬೀಜವನ್ನು ಶುದ್ಧವಾಗಿಟ್ಟುಕೊಂಡರೆ ರೈತನು ತನ್ನ ಬೆಳೆಯಿಂದಲೇ ಬೀಜವನ್ನು ಉಳಿಸಿಕೊಳ್ಳಬಹುದು. ಇದಕ್ಕೆ ಪ್ರತಿಯಾಗಿ 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಹತ್ತಿಯು ಎರಡು ಬೇರೆ ಬೇರೆ ಜಾತಿಯ ಹತ್ತಿಗಳ ಮೊದಲ ಕೂಟ. ಅದರ ಬೀಜವನ್ನು ಹೂಹೂವಿಗೂ ಕೈಯಿಂದ ಪರಾಗ ಮುಟ್ಟಿಸಿ ಪ್ರತಿ ಸಲವೂ ಹೊಸದಾಗಿ ಮಾಡಬೇಕಾಗಿತ್ತು. ಉಳಿಸಿದ ಬೀಜದಿಂದ ಆ ಹತ್ತಿಯು ಮತ್ತೆ ಬರುವಂತಿರಲಿಲ್ಲ.

ಅಡಗಿದ ದೋಷವೂ ಊರ ಬಸವನೂ

ಪ್ರಾಬಲ್ಯವು ದೋಷವನ್ನು ಮರೆಮಾಡುವುದೆಂದು ಹೇಳಿದೆವಷ್ಟೆ. ಅದರ ಪ್ರಮಾಣವನ್ನು ನೋಡೋಣ. ಹತ್ತು ಸಾವಿರ ಕರುಗಳಲ್ಲಿ ಒಂದು ಯಾವುದೋ ಹುಟ್ಟುದೋಷದಿಂದ ಸಾಯುತ್ತದೆಂದಿಟ್ಟುಕೊಳ್ಳಿ. ಆಗ ಆ ಹತ್ತು ಸಾವಿರದಲ್ಲಿ ಸುಮಾರು ಇನ್ನೂರು, ಹೊರಗೆ ಆರೋಗ್ಯವಾಗಿ ಕಂಡರೂ, ಆ ದೋಷವನ್ನು ಒಳಗೆ ಹೊತ್ತಿರುತ್ತವೆ. ದೋಷವುಳ್ಳ ಕರುಗಳೆಲ್ಲವೂ ಸತ್ತುಹೋದರೂ, ಅದು ನಲವತ್ತು ಸಾವಿರಕ್ಕೆ ಒಂದಾಗಿ ಇಳಿಯಲು ನೂರು ತಲೆಮಾರುಗಳು ಬೇಕಾಗುವುವು.

ಈ ಅಡಗಿದ ದೋಷವನ್ನು ಬಯಲಿಗೆಳೆಯುವುದು ಸಮೀಪ ಸಂಬಂಧದ ಕೂಟ. ಊರ ಬಸವನೊಬ್ಬನೇ ವರ್ಷಗಟ್ಟಲೆ ಇದ್ದರೆ ತನ್ನ ಮಗಳಾದ ಕಡಸುಗಳಿಗೂ ಅವನೇ ಹೋರಿಯಾಗುತ್ತಾನೆ. ಅವನಲ್ಲಿ ಅಂತಹ ಒಂದು ದೋಷವು ಅಡಗಿದ್ದಿತಾದರೆ, ಹಾಗೆ ಹುಟ್ಟುವ ಕರುಗಳಲ್ಲಿ ಎಂಟಕ್ಕೆ ಒಂದರಂತೆ ಆ ದೋಷವು ಹೊರಬೀಳುವುದು. ಹತ್ತು ಸಾವಿರಕ್ಕೆ ಒಂದೆಲ್ಲಿ, ಎಂಟಕ್ಕೆ ಒಂದೆಲ್ಲಿ! ಹೀಗೆಯೇ ಮಂದೆಯ ಟಗರನ್ನು ಬದಲಾಯಿಸದಿದ್ದರೆ ಮರಿಗಳು ಕೃಶವಾಗುವುದು, ಸಾವು ಹೆಚ್ಚುವುದು, ಗಬ್ಬ ನಿಲ್ಲದಿರುವುದು ಕಂಡುಬರುತ್ತವೆ. ಇದನ್ನು ಗ್ರಹಚಾರವೆಂದು ಸುಮ್ಮನಿರಲಾಗದು.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. 1986ರಲ್ಲಿ ಅಮೆರಿಕದ ವಿದ್ವಾಂಸರು ಒಂದು, ನಾಲ್ಕು, ಹದಿನಾರು ಜೋಡಿ ಮನೆನೊಣಗಳಿಂದ ಬೇರೆ ಬೇರೆ ಸಂತತಿಗಳನ್ನು ಬೆಳೆಸಿ ನೋಡಿದರು. ಗುಂಪು ಕಿರಿದಾದರೆ ಆಯ್ಕೆಗೆ ವಶವಾಗುವ ಭೇದವು ಕಡಮೆಯಾಗಬೇಕೆಂಬುದು ಎಲ್ಲರ ಎಣಿಕೆ. ಆದರೆ ಕೆಲವು ಗುಣಗಳಲ್ಲಿ ಅದು ಹೆಚ್ಚಿತು. ಪ್ರಾಬಲ್ಯದ ಮರೆಯಲ್ಲಿಯೂ ಕೂಟದ ಮರೆಯಲ್ಲಿಯೂ ಅಡಗಿದ್ದ ಭೇದವು, ಗುಂಪು ಕುಗ್ಗಿದಾಗ ಹೊರಗೆ ಬಂದುದೇ ಇದಕ್ಕೆ ಕಾರಣವೆಂದು ತಿಳಿಯಲಾಗಿದೆ. ಆದರೆ ಹೀಗೆ ಹೊರಬರುವ ಭೇದದಲ್ಲಿ ದುರ್ಬಲತೆಯ ಪಾಲೇ ಹೆಚ್ಚಾಗಿರಬಹುದಾದುದರಿಂದ, ಕಿರಿದಾದ ಮಂದೆಯಲ್ಲಿ ಬಗೆಬಗೆಯ ಮರಿಗಳು ಹುಟ್ಟತೊಡಗಿದುವೆಂದು ಒಡೆಯನು ಹಿಗ್ಗಬಾರದು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಮೇಲೆ ಹೇಳಿದ ವಿಷಯಗಳ ಸಾರಾಂಶವು ಹೀಗಿದೆ:

1. ರಾಗಿ, ಭತ್ತ ಮೊದಲಾದುವುಗಳ ಸ್ಥಿರವಾದ ತಳಿಗಳಲ್ಲಿ ಶುದ್ಧವಾದ ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕಿಡುವುದು ಯೋಗ್ಯ. ಮುಸುಕಿನ ಜೋಳ, ಹತ್ತಿ, ಸೂರ್ಯಕಾಂತಿ ಮೊದಲಾದುವುಗಳ ಹೈಬ್ರಿಡ್ ಬೆಳೆಯಿಂದ ಬೀಜವನ್ನು ಉಳಿಸತಕ್ಕದ್ದಲ್ಲ. ಬೀಜವನ್ನು ಕೊಳ್ಳುವಾಗಲೇ ಅದು ಸ್ಥಿರ ತಳಿಯೋ ಹೈಬ್ರಿಡ್ಡೋ ಎಂಬುದನ್ನು ಕೇಳಿ ತಿಳಿಯಬೇಕು.

2. ಮೊದಲ ಕೂಟದ ಹಸುವು ಹೆಚ್ಚು ಹಾಲು ಕರೆಯಿತೆಂದು ಅದರ ಗಂಡುಗರುವನ್ನು ಊರ ಹೋರಿಯಾಗಿ ಬಿಡಬಾರದು. ತಾಯಿಯ ಹಾಲಿನಲ್ಲಿ ಕೂಟದ ಹುರುಪು ಎಷ್ಟು, ಇಳಿಯುವ ಗುಣವೆಷ್ಟು ಎಂಬುದು ಕಣ್ಣಿಗೆ ಕಾಣದು. ಹೋರಿಯ ಬೆಲೆಯು ಅದರ ಹಲವು ಹೆಣ್ಣುಮಕ್ಕಳ ಹಾಲಿನ ಲೆಕ್ಕದಿಂದಲೇ ನಿಶ್ಚಯವಾಗತಕ್ಕದ್ದು.

3. ಊರ ಬಸವನನ್ನೂ ಮಂದೆಯ ಟಗರನ್ನೂ ಅವುಗಳ ಹೆಣ್ಣುಮಕ್ಕಳು ಬೆದೆಗೆ ಬರುವುದಕ್ಕೆ ಮುಂಚೆಯೇ ಬದಲಾಯಿಸತಕ್ಕದ್ದು. ನೆರೆಯೂರಿನವರೊಡನೆ ಕೂಡಿ ಅದಲುಬದಲು ಮಾಡಿಕೊಂಡರೆ ಖರ್ಚಿಲ್ಲದೆ ಕೆಲಸವಾಗುವುದು.

4. ಹೊಸ ತಳಿಯ ಬೀಜವನ್ನು ಮೊದಲು ಒಂದು ಮೂಲೆಯಲ್ಲಿ ಬಿತ್ತಿ, ಹಳೆಯದರ ಪಕ್ಕದಲ್ಲಿ ತೂಗಿ ನೋಡಿ, ಆಮೇಲೆ ಹೊಲಕ್ಕೆಲ್ಲ ಹಬ್ಬಿಸಬೇಕು.

5. ಹಳೆಯ ನಾಟಿ ತಳಿಗಳನ್ನು, ಇಳುವರಿ ಕಡಮೆಯೆಂಬ ಕಾರಣಕ್ಕಾಗಿ ಬೇರುಸಹಿತ ಕಳೆದುಕೊಳ್ಳಬಾರದು. ನಾಳೆಯ ಕೂಟಕ್ಕೆ ಬೇಕಾದ ಜೊತೆಗಾರನು ಅವುಗಳಲ್ಲಿಯೇ ಇರಬಹುದು.

ಬೀಜವನ್ನು ಆರಿಸುವವನ ಕಣ್ಣು ಎಷ್ಟೇ ಚುರುಕಾಗಿರಲಿ, ಅದು ನೋಡುವುದು ತೆನೆಯನ್ನು ಮಾತ್ರ, ತೆನೆಯೊಳಗಿನ ಜೊತೆಯನ್ನಲ್ಲ. ಆದಕಾರಣ ಒಳ್ಳೆಯ ತೆನೆಯನ್ನು ಕೈಯಲ್ಲಿ ಹಿಡಿದಾಗ “ಇದು ಚೆನ್ನಾಗಿದೆಯೆ?” ಎಂದು ಕೇಳುವುದರೊಡನೆ, “ಇದರ ತಂದೆತಾಯಿಗಳು ಯಾರು?” ಎಂದೂ ಕೇಳುವ ಅಭ್ಯಾಸವನ್ನು ಗ್ರಾಮದ ಹಿರಿಯರು ತಾವು ಬೆಳೆಸಿಕೊಂಡು, ತಮ್ಮ ಊರಿನ ಸಣ್ಣ ರೈತರಿಗೂ ಕಲಿಸಿಕೊಡಬೇಕೆಂದು ಕೋರಲಾಗಿದೆ.